ಕಣ್ಣುಗೂಡಿನ ಅಕ್ಕಾವ್ರು

ಎರಡು ತಿಂಗಳ ಹಿಂದೆ ಪುಣೆಯ ನಮ್ಮ ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ವಿಭಾಗದ ಹಿರಿಯ ಟೆಕ್ನಿಷಿಯನ್ ಒಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾಲ್ಕು ಮಾತಾಡಿ ಅಂತ ಆಡಳಿತದವರು ನನಗೆ ಹೇಳಿದ್ದರು. "ನೀವಿಬ್ಬರೂ ಒಂದೇ ಕಡೆಯವರಲ್ಲವೇ" ಎನ್ನುವುದು ಅವರು ಕೊಟ್ಟ ಕಾರಣ. ಪುಣೆಯವರ ಪಾಲಿಗೆ ನನ್ನ ತುಮಕೂರೂ ಅವರ ಜಮಖಂಡಿಯೂ ಒಂದೇ ಕಡೆ. ಇರಲಿ. ನಾನು ಒಪ್ಪಿಕೊಂಡದ್ದಕ್ಕೆ ಬೇರೆಯೇ ಕಾರಣವಿತ್ತು. ಆರು ವರ್ಷದಿಂದ ಒಂದು ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ಹುಡುಗಿಯ ಕಣ್ಣನ್ನು ನಾನು ಉಳಿಸಿದೆ ಎಂದು ಇಡೀ ಆಸ್ಪತ್ರೆ ನಂಬಿತ್ತು. ಉಳಿಸಿದ್ದು ನಾನಲ್ಲ, ಅವರು. ನಾನು ಮಾಡಿದ್ದು ತಪ್ಪು. ಇದನ್ನು ಅವರಿರುವಾಗಲೇ ಎಲ್ಲರೆದುರು ಹೇಳುವುದಕ್ಕೆ ಅದೇ ಕೊನೆಯ ಅವಕಾಶವಾಗಿತ್ತು. ಹೇಳಿದೆನೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಅವರು ಎಂಥವರು ಅನ್ನುವುದನ್ನು ಬರೆಯುತ್ತೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮರಾಠಿ ಪದ್ಧತಿಯಂತೆ 'ಬಾಯಿ' ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಹಾಗೇ ಕರೆದೆ. "ಡಾಕ್ಟ್ರ, ಕನ್ನಡದವರಾಗಿ ನೀವೂ ಹಂಗ ಅಂದ್ರ ಹೆಂಗ್ರಿ? ಅಕ್ಕಾವ್ರ ಅನ್ರಿ," ಎಂದರು. ಅವತ್ತಿನಿಂದ ಅಕ್ಕಾವ್ರು. ನನ್ನ ಕನ್ನಡದ ಮೇಲೆ ಅವರಿಗೆ ಸದಾ ಒಂದು ಕಣ್ಣು. "ಎಷ್ಟ್ ಚೊಲೋ ಮಾತಾಡ್ತೀರಿ, ಥೇಟ್ ಟೀವಿ ವಾರ್ತಾ ಕೇಳಿದಂಗ ಆಗ್ತದ," ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರುವುದು ತುಸು ಬೇಗ. ಈ ಬರಹದಲ್ಲಿ ಅದು ಮತ್ತೆ ಬರುತ್ತದೆ, ಕ್ಷಮಿಸಿ.

ಗಿಡ್ಡನೆಯ ಆಳು. ಬಿಳಿ ಕೋಟಿನ ಕೆಳಗೆ ಇಳಕಲ್ ಸೀರೆ, ಕನ್ನಡಕ ಕಣ್ಣಿಗಿಂತ ಹೆಚ್ಚಾಗಿ ತಲೆಯ ಮೇಲೆ. ಜಮಖಂಡಿ ಕಡೆಯಿಂದ ಮದುವೆಯಾಗಿ ಪುಣೆಯ ಖಡಕಿಗೆ ಬಂದವರು. ಯಜಮಾನರು ರಕ್ಷಣಾ ಇಲಾಖೆಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮದುವೆಯಾದ ಮೇಲೆ ಹಟ ಹಿಡಿದು ಓದಿ ಎಕ್ಸ್‌ರೇ ಕಲಿತರು, ಆಮೇಲೆ ಸಿ.ಟಿ. ಕಲಿತರು. ನಾನು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನಿನ ಚಿತ್ರ ನೋಡಿ ಒಳಗೆ ಏನಾಗಿದೆ ಎಂದು ರಿಪೋರ್ಟ್ ಬರೆಯುವ ಡಾಕ್ಟರು. ಚಿತ್ರ ತೆಗೆಯುವುದು ಅವರ ಕೆಲಸ, ಓದುವುದು ನನ್ನ ಕೆಲಸ. ಅವರ ಕೋಣೆ ನೆಲಮಹಡಿ, ನನ್ನದು ಎರಡನೆಯ ಮಹಡಿ. ಈ ಮೇಲು ಕೆಳಗು ನನ್ನ ತಲೆಯೊಳಗೂ ಇತ್ತು ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಸ್ಕ್ಯಾನ್ ಕೋಣೆಯೊಳಗೆ ಅವರದೇ ರಾಜ್ಯ, ಅವರದೇ ಕಾನೂನು. ಮುಖ, ಕುತ್ತಿಗೆಯ ಸ್ಕ್ಯಾನ್ ಮಾಡುವಾಗ ಮೈಮೇಲೆ ಲೋಹವಿರಬಾರದು, ಇದ್ದರೆ ಚಿತ್ರದ ತುಂಬ ಬಿಳಿ ಗೀರು ಏಳುತ್ತವೆ. ಆದರೆ ಮಂಗಳಸೂತ್ರ ತೆಗೆಯಿರಿ ಎಂದರೆ ಎಷ್ಟೋ ಹೆಂಗಸರು ಅಳುವುದಕ್ಕೇ ಶುರುಮಾಡುತ್ತಿದ್ದರು. ಅದರಲ್ಲೂ ಅದೇ ಅಪಘಾತದಲ್ಲಿ ಗಂಡನಿಗೂ ಪೆಟ್ಟಾಗಿ ಆತ ಪಕ್ಕದ ವಾರ್ಡಿನಲ್ಲಿ ಮಲಗಿದ್ದರೆ ಕೇಳುವುದೇ ಬೇಡ. ಅಕ್ಕಾವ್ರ ಮೇಜಿನ ಡ್ರಾದಲ್ಲಿ ಅರಿಶಿಣ ಹಚ್ಚಿದ ದಾರ, ಅರಿಶಿಣದ ಕೊಂಬು ಎರಡೂ ಸಿದ್ಧವಾಗಿರುತ್ತಿದ್ದವು. ಮೊದಲು ದಾರಕ್ಕೆ ಕೊಂಬು ಕಟ್ಟಿ ಕೊರಳಿಗೆ ಹಾಕುವುದು, ಆಮೇಲೆ ಮಂಗಳಸೂತ್ರ ತೆಗೆಸುವುದು. ಕೊರಳು ಒಂದು ಕ್ಷಣವೂ ಬರಿದಾಗಬಾರದು.

"ಅಕ್ಕಾವ್ರೇ, ಇದನ್ನೆಲ್ಲಾ ನಂಬ್ತೀರಾ ನೀವು?" ಎಂದು ಒಮ್ಮೆ ನಕ್ಕೆ.

"ನಾ ಯಾಕ ನಂಬಬೇಕ್ರಿ? ಆಕಿ ನಂಬ್ತಾಳಲ್ಲ. ಅಳಕೋತ ಮಲಗಿದ್ರ ತಲಿ ಅಲ್ಲಾಡ್ತದ. ತಲಿ ಅಲ್ಲಾಡಿದ್ರ ಚಿತ್ರ ಕೆಡ್ತದ. ಚಿತ್ರ ಕೆಟ್ರ ನೀವು ಮ್ಯಾಲೆ ಕೂತು ನನಗ ಬೈತೀರಿ."



ಇನ್ನೊಂದು ಅಭ್ಯಾಸ. ಮುಖಕ್ಕೆ ಪೆಟ್ಟು ಬಿದ್ದವರು ಯಾರೇ ಬರಲಿ, ಮಿಲಿಟರಿ ಅಧಿಕಾರಿಯೇ ಆಗಿರಲಿ, ತರಕಾರಿ ಮಾರುವವನೇ ಆಗಿರಲಿ, ಮೇಜಿನ ಮೇಲೆ ಮಲಗಿಸುವ ಮೊದಲು ಎದುರಿಗೆ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಕೋಟಿನ ಜೇಬಿನಿಂದ ಪೆನ್ನು ತೆಗೆದು ಅವರ ಮೂಗಿನೆದುರು ಹಿಡಿದು ಮೇಲಕ್ಕೆ ಒಯ್ಯುವುದು, "ವರ ಬಘಾ," ಮೇಲೆ ನೋಡಿ. ಕೆಳಕ್ಕೆ ತರುವುದು, "ಖಾಲೀ ಬಘಾ," ಕೆಳಗೆ ನೋಡಿ. ಆಮೇಲೆ ಎಡಕ್ಕೆ, ಬಲಕ್ಕೆ. ಇದು ಟೆಕ್ನಿಷಿಯನ್ ಮಾಡಬೇಕಾದ ಕೆಲಸವೇ ಅಲ್ಲ. ಕಿರಿಯ ಡಾಕ್ಟರುಗಳು ಕಾರಿಡಾರಿನಲ್ಲಿ ಪೆನ್ನು ಹಿಡಿದು ಅವರ ನಕಲು ಮಾಡುತ್ತಿದ್ದರು. ಅಕ್ಕಾವ್ರಿಗೆ ಗೊತ್ತಿತ್ತು. ಒಮ್ಮೆ ಒಬ್ಬನನ್ನು ಹಿಡಿದು ನಿಲ್ಲಿಸಿ, "ಪೆನ್ನು ಅಷ್ಟು ಲಗೂ ಓಡಿಸಬ್ಯಾಡಪಾ, ಪೇಶಂಟಗ ತಲಿ ತಿರಗ್ತದ," ಎಂದು ಅವನ ಕೈ ಹಿಡಿದು ಸರಿಯಾಗಿ ಕಲಿಸಿಯೇ ಬಿಟ್ಟರು. ಅವನಿಗೆ ಕನ್ನಡ ಬಾರದು, ಆದರೂ ಕಲಿತ.

ಈ ಪೆನ್ನಿನ ಹಿಂದಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಣ್ಣುಗುಡ್ಡೆ ಮೂಳೆಯ ಒಂದು ಗೂಡಿನಲ್ಲಿ ಕೂತಿದೆ. ಆ ಗೂಡಿನ ನೆಲ ಹಪ್ಪಳದಷ್ಟು ತೆಳು. ನೆಲದ ಕೆಳಗೆ ಕೆನ್ನೆಯೊಳಗಿನ ಗಾಳಿಯ ಕೋಣೆ. ಚೆಂಡೋ ಮೊಣಕೈಯೋ ಜೋರಾಗಿ ಕಣ್ಣಿಗೆ ಬಡಿದರೆ ಗುಡ್ಡೆ ಹಿಂದಕ್ಕೆ ಒತ್ತಿಕೊಂಡು ಆ ನೆಲ ಕೆಳಕ್ಕೆ ಒಡೆಯುತ್ತದೆ. ಗುಡ್ಡೆಯ ಕೆಳಗಿರುವ ಸ್ನಾಯು ಆ ಬಿರುಕಿನಲ್ಲಿ ಸಿಕ್ಕಿಕೊಂಡರೆ ಕಣ್ಣು ಮೇಲೇಳುವುದಿಲ್ಲ, ಎಲ್ಲವೂ ಎರಡೆರಡು ಕಾಣುತ್ತದೆ. ಬೇಗ ಬಿಡಿಸದಿದ್ದರೆ ಸ್ನಾಯು ಅಲ್ಲೇ ಒಣಗಿ ಗಂಟಾಗುತ್ತದೆ, ಆಮೇಲೆ ಯಾರು ಏನು ಮಾಡಿದರೂ ಅಷ್ಟೇ. ಬಿಡಿಸಬೇಕಾದ ಸರ್ಜನ್ ಎಲ್ಲಿಂದ ಒಳಹೋಗಬೇಕು, ಅಂಚಿನಿಂದ ಎಷ್ಟು ಆಳದಲ್ಲಿ ಸಿಕ್ಕಿಕೊಂಡಿದೆ, ಒಡೆದ ನೆಲಕ್ಕೆ ಎಷ್ಟು ಅಗಲದ ಲೋಹದ ಜಾಲರಿ ಹಾಸಬೇಕು, ಇದೆಲ್ಲ ಗೊತ್ತಾಗುವುದು ಸ್ಕ್ಯಾನಿನಿಂದ. ಚಿತ್ರ ಕೆಟ್ಟರೆ ಸರ್ಜನ್ ಕತ್ತಲಲ್ಲಿ ಕೈ ಹಾಕಿದ ಹಾಗೆ.

ಹಾಗಾಗಿ ನಮ್ಮ ಕಣ್ಣುಗೂಡಿನ ಸರ್ಜನ್ನರಿಗೆ ಅಕ್ಕಾವ್ರ ಚಿತ್ರವೇ ಆಗಬೇಕು. ಅವರು ರಜೆಯಲ್ಲಿದ್ದರೆ ಆತುರವಿಲ್ಲದ ಕೇಸನ್ನು ಮುಂದೂಡಿದ್ದೂ ಇದೆ. ನೋವಿದ್ದವರು ತಲೆ ಓರೆ ಮಾಡಿಕೊಂಡೇ ಮಲಗುತ್ತಾರೆ. ಓರೆಯಾದ ಚಿತ್ರದಲ್ಲಿ ಎರಡು ಕಣ್ಣನ್ನು ಹೋಲಿಸುವುದು ಕಷ್ಟ. ಅಕ್ಕಾವ್ರು ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಎರಡು ಗೂಡೂ ಒಂದೇ ಮಟ್ಟಕ್ಕೆ ಬರುವ ತನಕ ಬಿಡುತ್ತಿರಲಿಲ್ಲ. ಲೋಣಾವಳಾ ಘಾಟಿನಲ್ಲಿ ಬೈಕಿನಿಂದ ಬಿದ್ದವನೊಬ್ಬನ ಎಡಗಣ್ಣಿನ ಗೂಡು ಪುಡಿಪುಡಿಯಾಗಿತ್ತು. ಸರ್ಜನ್ನರೂ ನಾನೂ ಆ ಪುಡಿಯನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆವು. ಅಕ್ಕಾವ್ರು ಹಿಂದಿನಿಂದ, "ಮೊದ್ಲ ಚೊಲೋ ಕಣ್ಣು ನೋಡ್ರಿ. ಅದು ಹೆಂಗ ಅದ ಅಂತ ತಿಳದ್ರ, ಕೆಟ್ಟಿದ್ದು ಹೆಂಗ ಇರಬೇಕಾಗಿತ್ತು ಅಂತ ತಿಳೀತದ," ಎಂದರು. ಆಮೇಲೆ ಬಲಗಣ್ಣಿನ ಗೂಡನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಎಡಗಡೆಗೆ ಇಟ್ಟು ತೋರಿಸಿದರು. ಸರ್ಜನ್ ಅದೇ ಆಕಾರಕ್ಕೆ ಜಾಲರಿ ಬಗ್ಗಿಸಿಕೊಂಡು ಆಪರೇಷನ್ನಿಗೆ ಹೋದರು.

ಅವರಿಗೆ ಇನ್ನೂ ಒಂದು ಅಭ್ಯಾಸವಿತ್ತು, ಎಣಿಸುವುದು. ಮುಖವನ್ನು ಎದುರಿನಿಂದ ಹೋಳು ಮಾಡಿದಂತೆ ಕಾಣುವ ಚಿತ್ರದಲ್ಲಿ ಕಣ್ಣಿನ ಸುತ್ತ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಸ್ನಾಯುಗಳು ಬೂದು ಚುಕ್ಕೆಗಳಂತೆ ಕಾಣುತ್ತವೆ. ಒಂದೊಂದು ಹೋಳಿನಲ್ಲೂ ಬಾಯಲ್ಲಿ ಸಣ್ಣಗೆ, "ಒಂದು, ಎರಡು, ಮೂರು, ನಾಕು." ಮತ್ತೆ ಇನ್ನೊಂದು ಕಣ್ಣಿಗೆ, "ಒಂದು, ಎರಡು, ಮೂರು, ನಾಕು." ಸಂತೆಯಲ್ಲಿ ನಿಂಬೆಹಣ್ಣು ಎಣಿಸುವ ಹಾಗೆ. ಓದಿ ಪರೀಕ್ಷೆ ಪಾಸಾಗಿ ಬಂದ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ಈಗ ಆ ಹುಡುಗಿಯ ವಿಷಯ.

ನಾನು ಸೇರಿದ ಮೊದಲ ವರ್ಷ. ಪುಣೆಯ ಹೊರಗಿನ ಭೋಸರಿಯಿಂದ ಒಬ್ಬ ತಂದೆ ಹದಿನಾಲ್ಕು ವರ್ಷದ ಮಗಳನ್ನು ಕರೆತಂದಿದ್ದರು. ಅವರು ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ, ಅದೇ ನೀಲಿ ಸಮವಸ್ತ್ರದಲ್ಲಿ ಬಂದಿದ್ದರು. ಹುಡುಗಿ ಶಾಲೆಯ ಕಬಡ್ಡಿ ತಂಡದವಳು. ಹಿಂದಿನ ದಿನ ಆಟದಲ್ಲಿ ಎದುರಾಳಿಯ ಮೊಣಕೈ ಬಲಗಣ್ಣಿಗೆ ಬಡಿದಿತ್ತು. ಬಾವಿಲ್ಲ, ಕೆಂಪಿಲ್ಲ, ಕಣ್ಣು ಹಾಲಿನಷ್ಟು ಬಿಳಿ. ಆದರೆ ವಾಂತಿ ನಿಲ್ಲುತ್ತಿಲ್ಲ, ಎದ್ದರೆ ತಲೆ ತಿರುಗುತ್ತದೆ. ಮನೆ ಹತ್ತಿರದ ನರ್ಸಿಂಗ್ ಹೋಮಿನವರು ತಲೆಗೆ ಪೆಟ್ಟಾಗಿರಬಹುದು, ಮೆದುಳಿನ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದಿದ್ದರು. ಚೀಟಿಯಲ್ಲಿ ಕಣ್ಣಿನ ಸುದ್ದಿಯೇ ಇರಲಿಲ್ಲ. ಭಾನುವಾರದ ಪಂದ್ಯಕ್ಕೆ ಹೆದರಿ ನಾಟಕ ಮಾಡುತ್ತಿದ್ದಾಳೆ ಎಂದು ಕೋಚ್ ಹೇಳಿದ್ದರಂತೆ, ತಂದೆಗೂ ಅರ್ಧ ಹಾಗೇ ಅನ್ನಿಸಿತ್ತು.

ಅಕ್ಕಾವ್ರು ಕುರ್ಚಿಯಲ್ಲಿ ಕೂರಿಸಿ ಪೆನ್ನು ಹಿಡಿದರು. "ವರ ಬಘ, ಬಾಳಾ," ಮೇಲೆ ನೋಡು ಮಗೂ. ಎಡಗಣ್ಣು ಪೆನ್ನಿನ ಹಿಂದೆ ಮೇಲೆ ಹೋಯಿತು. ಬಲಗಣ್ಣು ನಡುವೆಯೇ ನಿಂತುಬಿಟ್ಟಿತು. ಹುಡುಗಿ ಬಿಳಿಚಿಕೊಂಡು ಅಲ್ಲೇ ವಾಂತಿ ಮಾಡಿದಳು.

ಕೆಳಗಿನಿಂದ ನನಗೆ ಫೋನ್ ಬಂತು. "ಡಾಕ್ಟ್ರ, ಈ ಹುಡುಗಿದು ಕಣ್ಣುಗೂಡೂ ಪೂರ್ತಿ ತಗೊಳ್ಲೇನ್ರಿ? ಚೀಟಿದಾಗ ಬರದಿಲ್ಲ."

ನಾನು ಯಾವುದೋ ಬೇರೆ ರಿಪೋರ್ಟಿನಲ್ಲಿ ಮುಳುಗಿದ್ದೆ. "ತಗೊಳ್ಳಿ, ತಗೊಳ್ಳಿ," ಎಂದು ಇಟ್ಟೆ. ಯಾಕೆ ಅಂತಲೂ ಕೇಳಲಿಲ್ಲ.

ಚಿತ್ರಗಳು ಬಂದವು. ಮೆದುಳು ಚೆನ್ನಾಗಿತ್ತು, ರಕ್ತಸ್ರಾವ ಇರಲಿಲ್ಲ. ಕಣ್ಣುಗೂಡು ನೋಡಿದೆ. ನೆಲದ ಮೂಳೆ ಗೀಟು ಎಳೆದ ಹಾಗೆ ನೆಟ್ಟಗಿತ್ತು. ಎಲ್ಲೂ ಮುರಿದಿಲ್ಲ, ಎಲ್ಲೂ ಕುಸಿದಿಲ್ಲ. 'ಮುರಿತ ಕಂಡುಬಂದಿಲ್ಲ' ಎಂದು ಬರೆದು ಸಹಿ ಮಾಡಿ ಕಳಿಸಿದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಬಾಗಿಲಲ್ಲಿ ಅಕ್ಕಾವ್ರು. ಅವರು ನನ್ನ ಕೋಣೆಗೆ ಹತ್ತಿ ಬಂದದ್ದು ಅದೇ ಮೊದಲು. ಏದುಸಿರು ಬಿಡುತ್ತಿದ್ದರು.

"ಡಾಕ್ಟ್ರ, ಒಂದ್ಸಲ ಎಣಿಸಿ ನೋಡ್ತೀರೇನು?"

ಅಯ್ಯೋ, ಆಗ ನನಗೆ ಬಂದ ಸಿಟ್ಟು! "ಅಕ್ಕಾವ್ರೇ, ಫಿಲ್ಮ್ ತೆಗೆಯೋದು ನೀವು, ರಿಪೋರ್ಟ್ ಬರೆಯೋದು ನಾನು. ಅವರವರ ಕೆಲಸ ಅವರವರು ನೋಡ್ಕೊಂಡರೆ ಚೆನ್ನಾಗಿರುತ್ತೆ."

ಅವರು ಕದಲಲಿಲ್ಲ. "ಹೌದ್ರಿ, ನೀವೇ ಬರೀಬೇಕು. ನಾ ಬರದ್ರ ನಡೀತದೇನು? ಅದಕ್ಕ ನಿಮ್ಮ ಕಡೆ ಬಂದೀನಿ. ಎಣಿಸ್ರಿ."

ಅವರನ್ನು ಸಾಗಹಾಕುವುದಕ್ಕಾದರೂ ಎಣಿಸಿದೆ. ಎಡಗಣ್ಣು: ಒಂದು, ಎರಡು, ಮೂರು, ನಾಲ್ಕು. ಬಲಗಣ್ಣು: ಒಂದು, ಎರಡು, ಮೂರು. ಮತ್ತೆ ಎಣಿಸಿದೆ. ಮೂರೇ. ಕೆಳಗಿನ ಸ್ನಾಯು ಇರಬೇಕಾದಲ್ಲಿ ಇರಲಿಲ್ಲ. ನೆಟ್ಟಗಿದ್ದ ಆ ಮೂಳೆಯ ಕೆಳಗೆ, ಕೆನ್ನೆಯ ಗಾಳಿಯ ಕೋಣೆಯಲ್ಲಿ, ಒಂದು ಸಣ್ಣ ಬೂದು ಹನಿ ಜೋತುಬಿದ್ದಿತ್ತು. ನಾನು ಮುರಿದ ಮೂಳೆಯನ್ನು ಹುಡುಕಿದ್ದೆ. ಇರಬೇಕಾದದ್ದು ಇದೆಯೇ ಎಂದು ನೋಡಿರಲಿಲ್ಲ. 

"ಎಳೀ ಎಲುಬರೀ," ಎಂದು ಅಕ್ಕಾವ್ರು ಮೆಲ್ಲಗೆ ಹೇಳಿದರು. "ಬಾಗಲ ತಗದಂಗ ಕೆಳಗ ಬಾಗಿ ಮತ್ತ ಗಪ್ಪನ ಮುಚ್ಕೊಂಡದ. ಬಾಗಲದಾಗ ಸೆರಗ ಸಿಕ್ಕಂಗ ಆಗೇದ. ಹೊರಗ ನಿಂತು ನೋಡಿದ್ರ ಬಾಗಲ ಬರೋಬ್ಬರಿ ಹಾಕೇದ."

ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ವಾಂತಿ, ಬಿಳಿ ಕಣ್ಣು, ತಲೆಸುತ್ತು, ಎಲ್ಲ ಆ ಸಿಕ್ಕಿಕೊಂಡ ಸ್ನಾಯುವಿನದೇ ಆಟ. ಆದರೆ ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ. ತಕ್ಷಣ ಹೊಳೆದದ್ದು ಇನ್ನೂ ದೊಡ್ಡ ಭಯ. ರಿಪೋರ್ಟ್ ಕೊಟ್ಟಾಗಿದೆ, ಏನೂ ಇಲ್ಲ ಎಂದು ಕೇಳಿ ಅಪ್ಪ ಮಗಳು ಭೋಸರಿ ದಾರಿ ಹಿಡಿದಿರುತ್ತಾರೆ. "ಅವರು ಹೋಗ್ಬಿಟ್ರಾ?" ಎಂದು ಎದ್ದೇ ನಿಂತೆ.

"ಎಲ್ಲಿ ಹೋಗ್ತಾರ್ರಿ? ಸೀಡಿ ಇನ್ನೂ ತಯಾರ ಆಗಿಲ್ಲ, ಥಾಂಬಾ ಅಂತ ಹೇಳಿ ಕೂಡ್ಸೇನಿ. ಸೀಡಿ ಆಗಿ ಭಾಳ ಹೊತ್ತಾತು, ನನ್ನ ಕಿಸೇದಾಗ ಅದ." ಕೋಟಿನ ಜೇಬು ತಟ್ಟಿ ತೋರಿಸಿದರು.

ರಿಪೋರ್ಟ್ ತಿದ್ದಿದೆ. ಸರ್ಜನ್ನರು ಓಡಿ ಬಂದರು. ಕೆಳಗೆ ಕಂಪ್ಯೂಟರಿನ ಮುಂದೆ ಅಕ್ಕಾವ್ರು ಅವರಿಗೆ ಒಂದೊಂದೇ ಹೋಳು ತೋರಿಸಿ, ಗೂಡಿನ ಅಂಚಿನಿಂದ ಸಿಕ್ಕಿಕೊಂಡ ಜಾಗದವರೆಗೆ ಅಳತೆ ತೆಗೆದು, ಕೆನ್ನೆಯ ನರ ಎಲ್ಲಿ ಹಾದುಹೋಗುತ್ತದೆ ಎಂದು ಗುರುತು ಹಾಕಿಕೊಟ್ಟರು. ಅವತ್ತು ಸಂಜೆಯೇ ಆಪರೇಷನ್ ಆಯಿತು. ಸ್ನಾಯು ಇನ್ನೂ ಕೆಂಪಗೆ ಜೀವಂತವಾಗಿತ್ತು ಎಂದು ಸರ್ಜನ್ ಹೇಳಿದರು. ಕೆಲವು ವಾರ ಬಿಟ್ಟು ಹುಡುಗಿ ತಪಾಸಣೆಗೆ ಬಂದಾಗ ಸ್ಕ್ಯಾನ್ ಕೋಣೆಗೂ ಬಂದಳು. ಪೆನ್ನು ಮೇಲೆ ಹೋದಂತೆ ಎರಡು ಕಣ್ಣೂ ಮೇಲೆ ಹೋದವು. ತಂದೆ ಕೈಮುಗಿದರು. ಅವರು ಕೈಮುಗಿದದ್ದು ನನಗೆ.

ಆಮೇಲೆ ಆಸ್ಪತ್ರೆಯ ಸಭೆಯಲ್ಲಿ ಸರ್ಜನ್ನರು ಈ ಕೇಸನ್ನು ತೋರಿಸಿದರು. ಚಿತ್ರದ ಮೇಲೆ ಬಾಣದ ಗುರುತು, ಕೆಳಗೆ ನನ್ನ ಹೆಸರು. "ಈ ಹೊಸ ಹುಡುಗನ ಕಣ್ಣು ನೋಡಿ! ಚೀಟಿಯಲ್ಲಿ ಕೇಳದೇ ಇದ್ದದ್ದನ್ನು ಹಿಡಿದಿದ್ದಾನೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಮೊದಲ ರಿಪೋರ್ಟಿನ ವಿಷಯ ಗೊತ್ತೇ ಇರಲಿಲ್ಲ. ನಾನು ಎದ್ದು ಒಂದು ಮಾತು ಹೇಳಬೇಕಿತ್ತು. ಎದ್ದೆ, ತಲೆಬಾಗಿ ನಕ್ಕು ಕೂತೆ. ಹಿಂದಿನ ಸಾಲಿನಲ್ಲಿ ಅಕ್ಕಾವ್ರೂ ಚಪ್ಪಾಳೆ ತಟ್ಟುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ನಾಡಿದ್ದಾಯಿತು. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಸರ್ಜನ್ ಅದೇ ಚಿತ್ರ, ಅದೇ ಹೆಸರು ತೋರಿಸುತ್ತ ಹೋದರು. ಸುಳ್ಳು ಹೇಳಿದವನಲ್ಲ ನಾನು, ಸುಮ್ಮನಿದ್ದವನು. ಎರಡಕ್ಕೂ ವ್ಯತ್ಯಾಸವಿದೆ ಎಂದು ನನಗೆ ನಾನೇ ಬಹಳ ದಿನ ವಾದ ಹೇಳಿಕೊಂಡೆ.

ಅಕ್ಕಾವ್ರು ಒಮ್ಮೆಯೂ ಆ ಮಾತೆತ್ತಲಿಲ್ಲ. ಮೊದಲಿನ ಹಾಗೆಯೇ ನನ್ನ ಕನ್ನಡಕ್ಕೆ ನಕ್ಕರು, ಮೊದಲಿನ ಹಾಗೆಯೇ ಚಿತ್ರ ಕಳಿಸಿದರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ಅವರ ಕೋಣೆಗೆ ಹೋದೆ. ಮೇಜಿನ ಮೇಲೆ ಯಾವ ಪೇಶಂಟೂ ಇರಲಿಲ್ಲ. "ಅಕ್ಕಾವ್ರೇ, ಆ ಕಬಡ್ಡಿ ಹುಡುಗಿ ವಿಷಯದಲ್ಲಿ ನಾನು ನಿಮಗೆ ಅನ್ಯಾಯ ಮಾಡಿದ್ದೀನಿ," ಎಂದೆ. ಅವರು ಕನ್ನಡಕ ತೆಗೆದು ತಲೆಯ ಮೇಲಿಟ್ಟುಕೊಂಡರು.

"ನಮ್ಮ ಮೈದುನನ ನೋಡೀರೇನು ನೀವು?"

ನೋಡಿದ್ದೆ. ಯಜಮಾನರು ತೀರಿಕೊಂಡಾಗ ಖಡಕಿಯ ಅವರ ಮನೆಗೆ ಹೋಗಿದ್ದೆ. ಐವತ್ತರ ಆಸುಪಾಸಿನ ಮನುಷ್ಯ, ಮದುವೆಯಾಗಿಲ್ಲ, ಅದೇ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಾರೆ, ಊಟಕ್ಕೆ ಕೆಳಗೆ ಅತ್ತಿಗೆಯ ಬಳಿ, ಅವರ ಮಾತಿನಲ್ಲಿ 'ವೈನಿ'ಯ ಬಳಿ. ಗದ್ದ ಮೇಲೆತ್ತಿ ಮಾತಾಡುತ್ತಿದ್ದರು. ಸೊಕ್ಕಿನವರು ಎಂದುಕೊಂಡಿದ್ದೆ.

"ಸೊಕ್ಕಲ್ರಿ ಅದು," ಎಂದರು ಅಕ್ಕಾವ್ರು, ನಾನು ಬಾಯಿಬಿಡುವ ಮೊದಲೇ. "ಎಡಗಣ್ಣು ಮ್ಯಾಲೆ ಏಳೂದಿಲ್ಲ. ಮಾರಿ ಮ್ಯಾಲೆ ಎತ್ತದಿದ್ರ ಎದುರಿಗಿದ್ದವರು ಇಬ್ಬಿಬ್ಬರು ಕಾಣ್ತಾರ. ಕನ್ಯಾದವರು ನೋಡ್ಲಿಕ್ಕೆ ಬಂದಾಗೆಲ್ಲಾ ಹುಡುಗಗ ಸೊಕ್ಕು ಭಾಳ ಅಂತ ಹೇಳಿ ಹೋಗ್ತಿದ್ರು."

ಆಮೇಲೆ ನಿಧಾನವಾಗಿ ಹೇಳಿದರು. ಮೈದುನ ಇಪ್ಪತ್ತೈದರ ಹುಡುಗನಾಗಿದ್ದಾಗ ಕ್ರಿಕೆಟ್ ಚೆಂಡು ಕಣ್ಣಿಗೆ ಬಡಿದಿತ್ತು. ಅಕ್ಕಾವ್ರು ಆಗ ಬೇರೊಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು, ಅಲ್ಲಿಗೇ ಕರೆದುಕೊಂಡು ಹೋದರು. ಆಗಿನ ಯಂತ್ರಗಳು ಅಡ್ಡ ಹೋಳಿನ ಚಿತ್ರ ಮಾತ್ರ ಚೆನ್ನಾಗಿ ಕೊಡುತ್ತಿದ್ದವು. ಗೂಡಿನ ನೆಲ ಚಪ್ಪಟೆ, ಅಡ್ಡ ಹೋಳುಗಳ ನಡುವೆ ತಪ್ಪಿಸಿಕೊಂಡುಬಿಡುತ್ತದೆ. ಎದುರಿನ ಹೋಳು ಬೇಕೆಂದರೆ ರೋಗಿಯನ್ನು ಬೋರಲು ಮಲಗಿಸಿ, ಗದ್ದ ಮುಂದಕ್ಕೆ ಚಾಚಿ, ಕುತ್ತಿಗೆ ಹಿಂದಕ್ಕೆ ಮಣಿಸಿ ಇನ್ನೊಂದು ಸಲ ಸ್ಕ್ಯಾನ್ ಮಾಡಬೇಕಿತ್ತು. ಡಾಕ್ಟರು ಎರಡೂ ಮಾಡಿ ಎಂದು ಬರೆದಿದ್ದರು.

"ಬೋರಲ ಹಾಕಿದ್ನಿರಿ. ಕುತಗಿ ಮಣಿಸಿದ ಕೂಡ್ಲೆ 'ವೈನಿ, ಸಾಯ್ತೀನಿ' ಅಂತ ಚೀರಿದ. ಬ್ಯಾರೆಯವರಾಗಿದ್ರ ಎರಡ ನಿಮಿಷ ತಡ್ಕೋಪಾ ಅಂತಿದ್ದೆ. ನಾ ಮದಿವ್ಯಾಗಿ ಬಂದಾಗ ಸಾಲಿಗೆ ಹೋಗ್ತಿದ್ದ ಹುಡುಗರೀ ಅಂವ, ನನ್ನ ಕೈಯಾಗ ಬೆಳದಾಂವ. ಕರಳು ಚುರ್ ಅಂತು. ಬ್ಯಾಡ ಬಿಡು ಅಂದೆ. ಪೇಶಂಟಗ ತಡೀಲಿಕ್ಕೆ ಆಗೂದಿಲ್ಲ ಅಂತ ಡಾಕ್ಟರಗ ಹೇಳ್ದೆ. ಅವರೂ ಹೂಂ ಅಂದ್ರು. ಅಡ್ಡ ಚಿತ್ರದಾಗ ಏನೂ ಕಾಣ್ಲಿಲ್ಲ."

"ಅವರಿಗೆ ಗೊತ್ತಾ ಇದು?"

"ಇಲ್ರಿ. ಪೆಟ್ಟು ಹಂಗ ಬಿದ್ದಿತ್ತು, ನನ್ನ ಹಣೇಬರಾ ಅಂತ ತಿಳಕೊಂಡಾನ. ನಾನೇ ಇನ್ನೂ ಹೇಳಿಲ್ಲ, ನಿಮಗೇನಂತ ಬೈಲಿ?" ಎಂದು ಎದ್ದು ಮುಂದಿನ ಪೇಶಂಟನ್ನು ಕರೆದರು.

ಅವರು ಎಣಿಸುತ್ತಿದ್ದುದು ಯಾಕೆ ಅಂತ ಅವತ್ತು ತಿಳಿಯಿತು. ನನಗೆ ಅಳು ಬಂತು, ನಿಜ ಹೇಳುತ್ತೇನೆ. ಕಾರಿಡಾರಿನಲ್ಲಿ ಮುಖ ಒರೆಸಿಕೊಂಡು ಮೇಲೆ ಹೋದೆ. ಹೋಗಿ ಮತ್ತೆ ಸುಮ್ಮನಾದೆ.

ಹೀಗೆ ಬಂತು ಬೀಳ್ಕೊಡುಗೆಯ ದಿನ. ಸಭಾಂಗಣ ತುಂಬಿತ್ತು. ಅಕ್ಕಾವ್ರು ವೇದಿಕೆಯ ಮೇಲೆ, ಮುಂದಿನ ಸಾಲಿನಲ್ಲಿ ಗದ್ದ ಎತ್ತಿಕೊಂಡು ಮೈದುನ. ನಾನು ಮಾತಾಡಿದೆ. ಅವರ ಶಿಸ್ತು, ಅರಿಶಿಣದ ದಾರ, ಪೆನ್ನು, ಎಲ್ಲ ಹೇಳಿದೆ, ಜನ ನಕ್ಕರು. ಕಬಡ್ಡಿ ಹುಡುಗಿಯ ವಿಷಯಕ್ಕೆ ಬಂದಾಗ ಎರಡನೆಯ ಸಾಲಿನಲ್ಲಿ ಕೂತ ನನ್ನ ವಿದ್ಯಾರ್ಥಿಗಳು ಕಣ್ಣಿಗೆ ಬಿದ್ದರು. "ಅಂಥ ಕೇಸುಗಳಲ್ಲಿ ಅವರ ಚಿತ್ರಗಳು ನನಗೆ ಬಹಳ ಸಹಾಯ ಮಾಡಿವೆ," ಎಂದು ಹೇಳಿ ಇಳಿದುಬಂದೆ. ಸಹಾಯವಂತೆ! ಥೂ ನನ್ನ ಮುಖಕ್ಕೆ.

ಕೊನೆಗೆ ಅಕ್ಕಾವ್ರು ಮೈಕಿನ ಮುಂದೆ ನಿಂತರು. ಮರಾಠಿಯಲ್ಲಿ ಮಾತಾಡಿದರು. ಎರಡು ಮಾತಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ಹುಡುಗರಿಗೆ ಒಂದು ವಿಷಯ ಹೇಳಿ ಹೋಗುತ್ತೇನೆ ಎಂದರು. ರೋಗಿಯ ಮೇಲೆ ಕನಿಕರ ಬಂದು ಒಂದು ಚಿತ್ರ ಬಿಡಬೇಡಿ, ನಾನು ಒಂದು ಸಲ ಬಿಟ್ಟಿದ್ದೇನೆ, ಯಾರಿಗೆ ಅಂದರೆ ಇಲ್ಲಿ ಕೂತ ನನ್ನ ಮೈದುನನಿಗೆ. ಆಮೇಲೆ ನನಗೆ ಹೇಳಿದ್ದನ್ನೆಲ್ಲ ಹೇಳಿದರು, ಒಂದು ಮಾತೂ ಮೆತ್ತಗೆ ಮಾಡದೆ. 

ಮೈದುನ ಎದ್ದು ನಿಂತರು. ಕನ್ನಡದಲ್ಲಿ ಕೇಳಿದರು, "ವೈನಿ, ಅವತ್ತ ತಡಕೊಂಡು ಹಂಗ ಮಲಗಿದ್ರ ನನ್ನ ಕಣ್ಣು ಚೊಲೋ ಆಗ್ತಿತ್ತೇನು?"

"ಖಾತ್ರಿ ಹೇಳ್ಲಿಕ್ಕೆ ಆಗೂದಿಲ್ಲಪಾ. ಆದ್ರ ಕಾಣ್ತಿತ್ತು. ಕಂಡಿದ್ರ ಆಪರೇಶನ್ ಮಾಡ್ತಿದ್ರು."

ಮೈದುನ ಚಪ್ಪಲಿ ಸರಿಮಾಡಿಕೊಂಡು ಸಭಾಂಗಣದಿಂದ ಹೊರಟುಹೋದರು. ಆ ಎರಡು ಮಾತು ಅರ್ಥವಾದದ್ದು ಅಲ್ಲಿ ನನಗೊಬ್ಬನಿಗೆ. ಅವರು ರಿಕ್ಷಾ ತರಲು ಹೋದರೆಂದು ಉಳಿದವರು ಅಂದುಕೊಂಡಿರಬೇಕು, ಅಕ್ಕಾವ್ರ ದೊಡ್ಡತನಕ್ಕೆ ಚಪ್ಪಾಳೆ ತಟ್ಟಿದರು. ಅಕ್ಕಾವ್ರು ಬಾಗಿಲನ್ನೇ ನೋಡುತ್ತಿದ್ದರು.

ಆಗ ನಾನು ಎದ್ದೆ. ಯಾರೂ ಕರೆದಿರಲಿಲ್ಲ. ಮೈಕಿಗೆ ಹೋಗಿ ಹೇಳಿದೆ. ನಾನು 'ಮುರಿತ ಇಲ್ಲ' ಎಂದು ಸಹಿ ಮಾಡಿದ್ದು, ಅವರು ಮಹಡಿ ಹತ್ತಿ ಬಂದದ್ದು, ನಾನು ಗದರಿದ್ದು, ಎಣಿಸಿದ್ದು, ಆರು ವರ್ಷ ಅವರ ಹೆಸರಿರಬೇಕಾದ ಜಾಗದಲ್ಲಿ ನನ್ನ ಹೆಸರು ಇಟ್ಟುಕೊಂಡಿದ್ದು. ಹೇಳಿ ಮುಗಿಸಿದೆ. ಆಮೇಲೆ ಏನಾಯಿತು ಗೊತ್ತೇ? ನನಗೂ ಚಪ್ಪಾಳೆ! ಸರ್ಜನ್ನರು ಬಂದು ಬೆನ್ನು ತಟ್ಟಿ, "ಇಂಥ ದೊಡ್ಡ ಮನಸ್ಸು ಎಷ್ಟು ಜನಕ್ಕಿರುತ್ತೆ," ಎಂದರು. ವಿದ್ಯಾರ್ಥಿಗಳು ಕೈಕುಲುಕಿದರು. ಸುಮ್ಮನಿದ್ದಾಗ ಸಿಕ್ಕಿದ್ದೇ ಹೇಳಿದಾಗಲೂ ಸಿಕ್ಕಿತು. ನನ್ನದೇನೂ ಹೋಗಲಿಲ್ಲ. ಅಂಥದೇ ಮಾತನ್ನು ಹೇಳಿದ ಅಕ್ಕಾವ್ರು ಶಾಲು, ತೆಂಗಿನಕಾಯಿ ಹಿಡಿದುಕೊಂಡು ಒಬ್ಬರೇ ಗೇಟಿನ ಕಡೆ ನಡೆದುಹೋದರು. ಮನೆಗೆ ಬಿಡುತ್ತೇನೆ ಎಂದರೆ ಬೇಡ ಎಂದರು.

ಮೊನ್ನೆ ಫೋನ್ ಮಾಡಿದ್ದೆ. ಹೇಗಿದ್ದೀರಿ ಎಂದೆ, ಆರಾಮ ಎಂದರು. ಮೈದುನ ಹೇಗಿದ್ದಾರೆ ಎಂದು ಕೇಳಲು ಹೆದರಿಕೆಯಾಯಿತು, ಆದರೂ ಕೇಳಿದೆ.

"ಮಾತಾಡೂದಿಲ್ರಿ. ಅವತ್ತಿನಿಂದ ಒಂದು ಅಕ್ಷರ ಮಾತಾಡಿಲ್ಲ. ಊಟಕ್ಕ ಬರ್ತಾನ, ಉಂಡು ಮ್ಯಾಲೆ ಹೋಗ್ತಾನ."

"ಹೇಳಬಾರದಿತ್ತು ಅನ್ನಿಸುತ್ತಾ ಅಕ್ಕಾವ್ರೇ?"

 ಅಕ್ಕಾವ್ರು ಹೇಳಿದರು:

"ಇಲ್ರಿ ಡಾಕ್ಟ್ರ. ಇಷ್ಟ್ ವರ್ಷ ಅಂವಗ ತಾಟ್ ನೋಡಿ ಬಡಸ್ತಿದ್ದೆ. ಈಗ ಅಂವನ ಮಾರಿ ನೋಡಿ ಬಡಸ್ತೀನಿ."